ರಿಯಾಲಿಟಿ ಷೋವನ್ನು ಸ್ತ್ರೀವಾದಿ ಕಣ್ಣಿನಿಂದ ಓದುವುದು ಹೇಗೆ: ಕರಾವಳಿಯ ವಿದ್ಯಾರ್ಥಿಗಳಿಗೆ ಒಂದು ಕೈಪಿಡಿ

ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ಪತ್ರಿಕೋದ್ಯಮವನ್ನೋ ಸಮಾಜಶಾಸ್ತ್ರವನ್ನೋ ಕನ್ನಡವನ್ನೋ ಓದುತ್ತಿರುವವರಲ್ಲಿ ರಿಯಾಲಿಟಿ ಷೋವನ್ನೇ ಪ್ರಾಜೆಕ್ಟಿನ ವಿಷಯವಾಗಿ ಆರಿಸಿಕೊಳ್ಳುವವರು ಈಗ ಸಾಕಷ್ಟಿದ್ದಾರೆ. ಅವರು ತಂದುಕೊಡುವ ಮೊದಲ ಕರಡುಗಳಲ್ಲಿ ಬಹುಮಟ್ಟಿಗೆ ಒಂದೇ ಬಗೆಯ ವಾಕ್ಯಗಳಿರುತ್ತವೆ: ಈ ಸ್ಪರ್ಧಿ ಸ್ವಾಭಿಮಾನಿ, ಆಕೆ ಜಗಳಗಂಟಿ, ಇನ್ನೊಬ್ಬಾಕೆಯ ಕಣ್ಣೀರು ನಾಟಕ. ಇದನ್ನು ವಿಶ್ಲೇಷಣೆ ಎನ್ನಲಾಗದು. ಯಾರು ಒಳ್ಳೆಯವಳು, ಯಾರು ಕೆಟ್ಟವಳು ಎಂದು ಪ್ರತಿ ವಾರ ತೀರ್ಮಾನಿಸುವ ಕೆಲಸವನ್ನು ಕಾರ್ಯಕ್ರಮವೇ ನೋಡುಗರಿಗೆ ಒಪ್ಪಿಸಿರುತ್ತದೆ. ವಿದ್ಯಾರ್ಥಿಯೂ ಅದನ್ನೇ ಮಾಡಿದರೆ ಚಾನೆಲ್ಲಿಗೆ ಇನ್ನೊಂದು ಮತ ಬಿದ್ದಂತಾಗುತ್ತದೆಯೇ ಹೊರತು ಅಧ್ಯಯನವಾಗುವುದಿಲ್ಲ. ಸ್ತ್ರೀವಾದಿ ಓದು ಸ್ಪರ್ಧಿಯ ನಡತೆಯನ್ನು ಪರೀಕ್ಷಿಸುವುದಿಲ್ಲ. ಆ ನಡತೆಯನ್ನು ಪರೀಕ್ಷೆಗೆ ಒಡ್ಡಿದ ಏರ್ಪಾಡನ್ನು ಪರೀಕ್ಷಿಸುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತರಣೆ.

ಯಾವುದನ್ನು, ಎಷ್ಟನ್ನು ನೋಡಬೇಕು

ನೂರು ದಿನಗಳ ಒಂದು ಇಡೀ ಆವೃತ್ತಿಯನ್ನು ವಿಶ್ಲೇಷಿಸುತ್ತೇನೆಂದು ಹೊರಡುವುದು ಬೇಡ. ಉದ್ಘಾಟನೆಯ ದಿನದ ಒಂದು ಸಂಚಿಕೆ, ವಾರದ ನಡುವಿನ ಒಂದು ಸಂಚಿಕೆ, ವಾರಾಂತ್ಯದ ಒಂದು ಸಂಚಿಕೆ, ಇಷ್ಟನ್ನು ಆರಿಸಿಕೊಂಡರೆ ಸಾಕು. ಸ್ಪರ್ಧಿಗಳನ್ನು ಪರಿಚಯಿಸುವಾಗ, ಬದುಕಿಸುವಾಗ, ವಿಚಾರಣೆಗೆ ಒಳಪಡಿಸುವಾಗ ಕಾರ್ಯಕ್ರಮ ಬಳಸುವ ಭಾಷೆ ಬೇರೆ ಬೇರೆಯಾಗಿರುತ್ತದೆ. ಮೂರೂ ಎದುರಿಗಿದ್ದರೆ ಹೋಲಿಕೆ ಸುಲಭ.

ಜೊತೆಗೆ ಆ ಕಾರ್ಯಕ್ರಮದ ಹುಟ್ಟನ್ನು ಒಂದು ಪುಟದಷ್ಟಾದರೂ ತಿಳಿದಿರಬೇಕು. 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆರಂಭವಾದ ‘ಬಿಗ್ ಬ್ರದರ್’ ಎಂಬ ಮಾದರಿ 2006ರಲ್ಲಿ ಹಿಂದಿಗೆ, 2013ರಲ್ಲಿ ಈಟಿವಿ ಕನ್ನಡದ ಮೂಲಕ ಕನ್ನಡಕ್ಕೆ ‘ಬಿಗ್ ಬಾಸ್’ ಆಗಿ ಬಂದಿತು. ಮುಚ್ಚಿದ ಮನೆ, ಎಡೆಬಿಡದ ಕ್ಯಾಮೆರಾ, ನಾಮಿನೇಷನ್, ಮತದಾನ ಇವು ಹೊರಗಿನಿಂದ ಕೊಂಡು ತಂದವು. ಆದರೆ ಕೂಡುಕುಟುಂಬದ ಅಡುಗೆಮನೆ, ಅಕ್ಕ–ತಮ್ಮ ಎಂಬ ಬಾಂಧವ್ಯ, ವಾರದ ಕೊನೆಗೆ ಬಂದು ನ್ಯಾಯ ಹೇಳುವ ಹಿರಿಯ ಇವು ನಮ್ಮಲ್ಲಿ ಬಲಿತ ಸಂಗತಿಗಳು. ಲಿಂಗದ ಪ್ರಶ್ನೆ ಹೆಚ್ಚಾಗಿ ಸಿಗುವುದು ಈ ಎರಡನೆಯ ಪಟ್ಟಿಯಲ್ಲಿ.

ಬಿಗ್ ಬಾಸ್ ಒಂದನ್ನೇ ನೋಡಬೇಕೆಂದೇನೂ ಇಲ್ಲ. 2010ರ ಸುಮಾರಿಗೆ ಸುವರ್ಣ ವಾಹಿನಿಯಲ್ಲಿ ಬಂದ ‘ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫ್’ ಮತ್ತು ‘ಹಳ್ಳಿ ಹೈದ ಪ್ಯಾಟೆಗ್ ಬಂದ’ ಕಾರ್ಯಕ್ರಮಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಒಂದು ಪ್ರಬಂಧಕ್ಕೆ ಬೇಕಾದ ಸಾಮಗ್ರಿ ಅಲ್ಲಿಯೇ ಸಿಗುತ್ತದೆ. ಮೊದಲನೆಯದರಲ್ಲಿ ನಗರದ ಯುವತಿಯರು ಹಳ್ಳಿಗೆ ಹೋಗಿ ಸಗಣಿ ಬಾಚುವುದನ್ನು, ನೀರು ಹೊರುವುದನ್ನು ಕಲಿಯಬೇಕು. ಎರಡನೆಯದರಲ್ಲಿ ಹಳ್ಳಿಯ ಯುವಕರು ನಗರಕ್ಕೆ ಬಂದಾಗ ಅವರನ್ನು ತಿದ್ದಿ ತೀಡಲು ಮತ್ತೆ ನಗರದ ಯುವತಿಯರನ್ನೇ ನೇಮಿಸಲಾಗುತ್ತದೆ. ಹೆಣ್ಣು ಒಂದು ಕಡೆ ಪಾಠ ಕಲಿಯಬೇಕಾದವಳು, ಇನ್ನೊಂದು ಕಡೆ ಗಂಡಿನ ಏಳಿಗೆಗೆ ದುಡಿಯಬೇಕಾದವಳು. ಸ್ಥಳ ಅದಲುಬದಲಾದರೂ ಹೊಣೆ ಅದಲುಬದಲಾಗಲಿಲ್ಲ.

ಒಂದೇ ಸಂಚಿಕೆ, ಮೂರು ಸಲ

ಆರಿಸಿಕೊಂಡ ಸಂಚಿಕೆಯನ್ನು ಮೂರು ಸಲ ನೋಡಬೇಕು. ಮೊದಲ ಸಲ ಧ್ವನಿಯನ್ನು ಪೂರ್ತಿ ನಿಲ್ಲಿಸಿ ಚಿತ್ರವನ್ನಷ್ಟೇ. ಎರಡನೆಯ ಸಲ ಪರದೆಯನ್ನು ಬೋರಲು ಹಾಕಿ ಧ್ವನಿಯನ್ನಷ್ಟೇ. ಮೂರನೆಯ ಸಲ ಎರಡನ್ನೂ ಸೇರಿಸಿ. ಪ್ರತಿ ಸಲವೂ ನೋಟ್‌ಪುಸ್ತಕದಲ್ಲಿ ಅಡ್ಡಗೆರೆ ಹಾಕಿ, ನಿಮಿಷ ಯಾವುದು, ಪರದೆಯ ಮೇಲೆ ಯಾರು, ಅವರು ಏನು ಮಾಡುತ್ತಿದ್ದಾರೆ, ಸಂಗೀತ ಇದೆಯೇ, ಕೆಳಗೆ ಬರಹ ಮೂಡಿತೇ ಎಂದು ಗುರುತು ಹಾಕಿಕೊಳ್ಳಬೇಕು. ಬೇಸರ ತರಿಸುವ ಕೆಲಸ ಇದು. ಆದರೆ ‘ಹೆಣ್ಣನ್ನು ಕೀಳಾಗಿ ತೋರಿಸುತ್ತಾರೆ’ ಎಂಬ ವಾಕ್ಯಕ್ಕೆ ಬೆಲೆ ಬರುವುದು ಇಂಥ ಹತ್ತು ಪುಟಗಳ ಗುರುತುಗಳು ಅದರ ಹಿಂದೆ ಇದ್ದಾಗ ಮಾತ್ರ.

ಇಂಥ ಕಾರ್ಯಕ್ರಮಗಳಲ್ಲಿ ಪದೇ ಪದೇ ಕಾಣುವ ಅಡುಗೆಮನೆಯ ಜಗಳವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅನ್ನ ಕಡಿಮೆ ಬಿತ್ತೆಂದು ಇಬ್ಬರು ಮಹಿಳೆಯರ ನಡುವೆ ಮಾತಿಗೆ ಮಾತು ಬೆಳೆಯುತ್ತದೆ. ಧ್ವನಿ ನಿಲ್ಲಿಸಿ ನೋಡಿದರೆ, ಮಾತನಾಡುತ್ತಿರುವವರ ಮುಖಕ್ಕಿಂತ ಸೋಫಾದಲ್ಲಿ ಕುಳಿತು ಮುಗುಳ್ನಗುವ ಪುರುಷ ಸ್ಪರ್ಧಿಯ ಮುಖ ಎಷ್ಟು ಸಲ ಬಂತು ಎಂಬುದು ಎದ್ದು ಕಾಣುತ್ತದೆ. ಅವನು ಅದೇ ಹೊತ್ತಿಗೆ ನಕ್ಕನೋ, ಬೇರೆ ಯಾವುದೋ ಮಾತಿಗೆ ನಕ್ಕದ್ದನ್ನು ತಂದು ಇಲ್ಲಿ ಅಂಟಿಸಿದರೋ ನೋಡುಗರಿಗೆ ತಿಳಿಯುವ ಉಪಾಯವಿಲ್ಲ. ಇಪ್ಪತ್ತನಾಲ್ಕು ಗಂಟೆಯ ಚಿತ್ರೀಕರಣ ಒಂದೂವರೆ ಗಂಟೆಯ ಸಂಚಿಕೆಯಾಗುವಾಗ ಇಂಥ ಜೋಡಣೆಗೆ ಬೇಕಾದಷ್ಟು ಎಡೆಯಿರುತ್ತದೆ. ಆ ಒಂದು ನಗುವಿನಿಂದ ಅಲ್ಲಿಯವರೆಗೆ ಊಟದ ಪಾಲಿನ ಪ್ರಶ್ನೆಯಾಗಿದ್ದದ್ದು ‘ಹೆಂಗಸರ ಜಗಳ’ವಾಗಿಬಿಡುತ್ತದೆ. ಪರದೆ ಮುಚ್ಚಿ ಕೇಳಿದರೆ ಇನ್ನೊಂದು ಸಂಗತಿ ಸಿಗುತ್ತದೆ. ಮಹಿಳೆಯರ ಮಾತಿನ ತುದಿಗೆ ಢಣ್ ಎಂಬ ಸದ್ದು, ಅದೇ ಮಾತಿನ ಮೂರು ಸಲದ ಪುನರಾವರ್ತನೆ; ಪುರುಷರಿಬ್ಬರು ಟಾಸ್ಕಿನಲ್ಲಿ ಕೂಗಾಡಿದಾಗ ಮಾತ್ರ ಯುದ್ಧಕ್ಕೆ ಹೊರಟವರ ನಗಾರಿ. ನೀವು ಆರಿಸಿದ ಸಂಚಿಕೆಯಲ್ಲಿ ಹೀಗಿಲ್ಲದೆಯೂ ಇರಬಹುದು. ಇಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ. ಎಣಿಕೆಯ ಉದ್ದೇಶವೇ ಅದು.

ಚಲನಚಿತ್ರದ ಕ್ಯಾಮೆರಾ ಹೆಣ್ಣನ್ನು ನೋಡಲ್ಪಡುವವಳನ್ನಾಗಿ, ಗಂಡನ್ನು ನೋಡುವವನನ್ನಾಗಿ ಮಾಡುತ್ತದೆಂದು 1975ರಲ್ಲಿ ಬ್ರಿಟಿಷ್ ಚಲನಚಿತ್ರ ಚಿಂತಕಿ ಲಾರಾ ಮಲ್ವಿ ವಾದಿಸಿದರು. ಆ ವಾದವನ್ನು ಕಿರುತೆರೆಗೆ ಇದ್ದಂತೆಯೇ ಎತ್ತಿ ತರಲಾಗದು, ಏಕೆಂದರೆ ಇಲ್ಲಿ ನೋಡುಗರಲ್ಲಿ ಮಹಿಳೆಯರು ಬಹಳ. ಆದರೆ ‘ಪುರುಷ ನೋಟ’ ಎಂಬುದು ನೋಡುವವರ ಲಿಂಗಕ್ಕಲ್ಲ, ನೋಟವನ್ನು ಕಟ್ಟಿದ ಬಗೆಗೆ ಸಂಬಂಧಿಸಿದ್ದು ಎಂಬುದನ್ನು ಮನಗಂಡರೆ ತೊಡಕು ಬಿಡಿಸಿಕೊಳ್ಳುತ್ತದೆ. ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2009ರ ಜನವರಿಯಲ್ಲಿ ಪಬ್ಬಿನ ಮೇಲೆ, 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇ ಮೇಲೆ ನಡೆದ ದಾಳಿಗಳ ದೃಶ್ಯಗಳು ಟಿವಿಯಲ್ಲಿ ಮತ್ತೆ ಮತ್ತೆ ಪ್ರಸಾರವಾದಾಗ, ಹೊಡೆದವರ ಅಪರಾಧದಷ್ಟೇ ಹೊಡೆಸಿಕೊಂಡ ಹೆಣ್ಣುಮಕ್ಕಳ ನಡತೆಯೂ ಊರಿನ ಚರ್ಚೆಯಾಗಿತ್ತು. ಅವರು ಅಲ್ಲಿ ಏಕೆ ಇದ್ದರು, ಏನು ಉಟ್ಟಿದ್ದರು ಎಂಬ ಪ್ರಶ್ನೆಗಳು ಹಿಂಸೆಯ ಸುದ್ದಿಯಲ್ಲಿಯೂ ನುಸುಳುತ್ತವೆ, ಮನರಂಜನೆಯ ಕಾರ್ಯಕ್ರಮದಲ್ಲಿಯೂ ನುಸುಳುತ್ತವೆ. ಎರಡೂ ಒಂದೇ ತೂಕದವು ಎಂದು ನಾನು ಹೇಳುತ್ತಿಲ್ಲ. ಎರಡಕ್ಕೂ ಬೇಕಾಗುವ ಪ್ರೇಕ್ಷಕನ ಅಭ್ಯಾಸ ಒಂದೇ ಎಂದು ಹೇಳುತ್ತಿದ್ದೇನೆ.

ಸ್ತ್ರೀವೇಷ ಮತ್ತು ಚೌಕಿ

ಲಿಂಗವೆಂಬುದು ಒಳಗಿನಿಂದ ಉಕ್ಕುವ ಸ್ವಭಾವವಲ್ಲ, ಮರಳಿ ಮರಳಿ ಮಾಡಿದ್ದರಿಂದ ಗಟ್ಟಿಗೊಂಡ ಅಭಿನಯ ಎಂಬ ವಿಚಾರವನ್ನು 1990ರಲ್ಲಿ ಅಮೆರಿಕದ ತತ್ತ್ವಚಿಂತಕ ಜುಡಿತ್ ಬಟ್ಲರ್ ಮಂಡಿಸಿದರು. ತರಗತಿಯಲ್ಲಿ ಇದನ್ನು ಮೊದಲು ಕೇಳಿದವರು ಹುಬ್ಬೇರಿಸುತ್ತಾರೆ. ಹುಬ್ಬೇರಿಸುವವರಲ್ಲಿ ಬಹಳ ಮಂದಿ ಚಿಕ್ಕಂದಿನಿಂದ ಯಕ್ಷಗಾನದ ಆಟ ನೋಡಿ ಬೆಳೆದವರು ಎಂಬುದು ತಮಾಷೆ. ಯಕ್ಷಗಾನದ ಮೇಳಗಳಲ್ಲಿ ಸ್ತ್ರೀವೇಷವನ್ನು ಗಂಡಸರೇ ಧರಿಸುತ್ತ ಬಂದಿದ್ದಾರೆ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಸ್ತ್ರೀವೇಷಧಾರಿ ಕೋಳ್ಯೂರು ರಾಮಚಂದ್ರ ರಾಯರಂಥವರ ಲಾಲಿತ್ಯವನ್ನು ಮಹಿಳೆಯರೇ ಕೊಂಡಾಡಿದ್ದಾರೆ. ನಡಿಗೆ, ಕಣ್ಣಿನ ಓಟ, ಸೆರಗು ಹಿಡಿಯುವ ಬೆರಳು, ದನಿಯ ಏರಿಳಿತ ಎಲ್ಲವೂ ಅಭ್ಯಾಸದಿಂದ ಬರುತ್ತವೆ ಎಂಬುದು ಕರಾವಳಿಯ ಪ್ರೇಕ್ಷಕನಿಗೆ ಗೊತ್ತಿರುವ ಸತ್ಯ. ಅದೇ ಕಣ್ಣನ್ನು ರಿಯಾಲಿಟಿ ಷೋವಿನ ಮೇಲೆ ಹೊರಳಿಸಬೇಕು. ಮಹಿಳಾ ಸ್ಪರ್ಧಿ ವೇದಿಕೆಗೆ ಬರುವಾಗಿನ ನಡಿಗೆ, ವಾರಾಂತ್ಯಕ್ಕೆ ಉಡುವ ಸೀರೆ, ನಾಚುವ ಕ್ಷಣ ಇವನ್ನು ಮಾತ್ರವಲ್ಲ, ಪುರುಷ ಸ್ಪರ್ಧಿ ಎದೆಯುಬ್ಬಿಸಿ ನಿಲ್ಲುವುದನ್ನು, ಅಳು ಬಂದಾಗ ಬಾತ್‌ರೂಮಿನ ಕಡೆ ಓಡುವುದನ್ನು ಕೂಡ ವೇಷದ ಭಾಗವಾಗಿಯೇ ನೋಡಬೇಕು. ಗಂಡಸುತನವನ್ನು ಬಿಟ್ಟು ಹೆಣ್ತನವೊಂದನ್ನೇ ವಿಶ್ಲೇಷಿಸಿದ ಪ್ರಬಂಧ ಅರ್ಧ ಪ್ರಬಂಧ.

ಹೋಲಿಕೆ ಮುರಿಯುವ ಜಾಗವೂ ಮುಖ್ಯ. ಆಟ ಮುಗಿದ ಮೇಲೆ ವೇಷಧಾರಿ ಚೌಕಿಗೆ, ಅಂದರೆ ಬಣ್ಣದ ಮನೆಗೆ, ಹೋಗಿ ಬಣ್ಣ ತೆಗೆಯುತ್ತಾನೆ, ಬೆಳಗಿನ ಬಸ್ಸಿಗೆ ಮನೆಗೆ ಹೊರಡುತ್ತಾನೆ. ಬಿಗ್ ಬಾಸ್ ಮನೆಯಲ್ಲಿ ಚೌಕಿಯಿಲ್ಲ. ನಿದ್ದೆಯಿಂದ ಎದ್ದ ಮುಖವೂ ಪ್ರದರ್ಶನಕ್ಕೆ ಸೇರಿದ್ದು, ಹೊರಬಂದ ಮೇಲೂ ಜನ ಅದೇ ಪಾತ್ರದ ಹೆಸರಿನಿಂದ ಗುರುತಿಸುತ್ತಾರೆ. ‘ನಾನು ಇಲ್ಲಿ ನಾನಾಗಿಯೇ ಇದ್ದೇನೆ’ ಎಂಬ ಮಾತನ್ನು ಸ್ಪರ್ಧಿಗಳು ಏಕೆ ಅಷ್ಟು ಸಲ ಹೇಳಬೇಕಾಗುತ್ತದೆ ಎಂಬುದನ್ನು ಇಲ್ಲಿಂದ ಯೋಚಿಸಬಹುದು. ಆ ಮಾತು ಯಾರ ಬಾಯಿಂದ ಬಂದಾಗ ನಂಬಿಕೆ ಗಳಿಸುತ್ತದೆ, ಯಾರ ಬಾಯಿಂದ ಬಂದಾಗ ‘ಡ್ರಾಮಾ’ ಎನಿಸಿಕೊಳ್ಳುತ್ತದೆ ಎಂಬುದನ್ನು ಪಟ್ಟಿ ಮಾಡಿದರೆ ಪ್ರಬಂಧಕ್ಕೆ ಒಂದು ಅಧ್ಯಾಯ ಸಿಕ್ಕಂತೆ.

ದುಡಿಮೆ, ನಿಯಮ, ವಾರಾಂತ್ಯದ ಕಟ್ಟೆ

ಮನೆಯೊಳಗಿನ ದುಡಿಮೆಯ ಲೆಕ್ಕ ಬರೆಯುವುದು ಸುಲಭ. ಅಡುಗೆ, ಪಾತ್ರೆ, ಕಸ, ಬಾತ್‌ರೂಮು ಇವುಗಳಲ್ಲಿ ಯಾವುದಕ್ಕೆ ಯಾರನ್ನು ಹಾಕಿದರು, ಯಾರು ತಾವಾಗಿ ಹೋದರು ಎಂದು ಬರೆದಿಟ್ಟರಾಯಿತು. ಕಷ್ಟವಿರುವುದು ಕಣ್ಣಿಗೆ ಕಾಣದ ದುಡಿಮೆಯಲ್ಲಿ. ಮುನಿಸಿಕೊಂಡವನನ್ನು ಊಟಕ್ಕೆ ಎಬ್ಬಿಸುವುದು, ಅಳುವವರ ಬೆನ್ನು ಸವರುವುದು, ತನ್ನ ಸಿಟ್ಟನ್ನು ನುಂಗಿಕೊಂಡು ನಗುವುದು ಇವೂ ಕೆಲಸವೇ. ವಿಮಾನ ಪರಿಚಾರಿಕೆಯರ ದುಡಿಮೆಯನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಇದನ್ನು ಭಾವನೆಯ ದುಡಿಮೆಯೆಂದು ಗುರುತಿಸಿದರು. ಈ ದುಡಿಮೆ ಮಾಡಿದ ಹೆಣ್ಣಿಗೆ ‘ಮನೆಮಗಳು’ ಎಂಬ ಹೊಗಳಿಕೆ ಸಿಗುತ್ತದೆ. ಮಾಡದವಳಿಗೆ ‘ಅಹಂಕಾರಿ’ ಎಂಬ ಹೆಸರು. ಗಂಡಸು ಮಾಡಿದರೆ ‘ಎಷ್ಟು ಒಳ್ಳೆಯ ಹುಡುಗ’. ಮಾಡದಿದ್ದರೆ ಯಾರೂ ಗಮನಿಸುವುದೇ ಇಲ್ಲ.

ನಿಯಮಗಳನ್ನು ಓದುವಾಗ ಟಾಸ್ಕುಗಳಿಗೆ ಯಾವ ಬಗೆಯ ದೇಹ ಬೇಕು ಎಂದು ಮೊದಲು ಕೇಳಬೇಕು. ತಳ್ಳಾಟ, ಎಳೆದಾಟಗಳೇ ಹೆಚ್ಚಿದ್ದರೆ ಫಲಿತಾಂಶ ಅರ್ಧಕ್ಕೂ ಹೆಚ್ಚು ಮೊದಲೇ ತೀರ್ಮಾನವಾಗಿರುತ್ತದೆ. 2024ರಲ್ಲಿ ಕನ್ನಡ ಬಿಗ್ ಬಾಸ್‌ನ ಹನ್ನೊಂದನೆಯ ಆವೃತ್ತಿ ಮನೆಯನ್ನು ಸ್ವರ್ಗ ಮತ್ತು ನರಕವೆಂದು ಇಬ್ಭಾಗ ಮಾಡಿದಾಗ, ನರಕವಾಸಿಗಳ ಊಟ ಮತ್ತು ಶೌಚದ ಮೇಲೆ ಹೇರಿದ ಕಟ್ಟುಪಾಡುಗಳ ಕುರಿತು ರಾಜ್ಯ ಮಹಿಳಾ ಆಯೋಗದವರೆಗೆ ದೂರು ಹೋಯಿತು. ಕಾಗದದ ಮೇಲೆ ನಿಯಮ ಎಲ್ಲರಿಗೂ ಒಂದೇ. ಆದರೆ ಶೌಚಕ್ಕೆ ಹೋಗಲು ಅನುಮತಿ ಕೇಳಿ ನಿಲ್ಲುವುದು ಹೆಣ್ಣಿಗೂ ಗಂಡಿಗೂ ಒಂದೇ ಅಲ್ಲ, ಅದೂ ಕ್ಯಾಮೆರಾದ ಎದುರು. ಸಮಾನವಾಗಿ ಕಾಣುವ ನಿಯಮದ ಅಸಮಾನ ಪರಿಣಾಮವನ್ನು ತೋರಿಸಲು ಇದಕ್ಕಿಂತ ನೇರವಾದ ಉದಾಹರಣೆ ಸಿಗಲಾರದು.

ವಾರಾಂತ್ಯದ ಸಂಚಿಕೆಗಳಿಗೆ ಹೆಚ್ಚು ಸಮಯ ಕೊಡಿ. ಮೊದಲ ಆವೃತ್ತಿಯಿಂದಲೂ ‘ಕಿಚ್ಚ’ ಎಂದೇ ಹೆಸರಾದ ನಟ ಸುದೀಪ್ ಅವರೇ ನಿರೂಪಕರು. ಪುರುಷ ಸ್ಪರ್ಧಿಗಳು ಮಹಿಳೆಯರ ಬಗ್ಗೆ ಹಗುರವಾಗಿ ಮಾತನಾಡಿದಾಗ ಅವರನ್ನು ವೇದಿಕೆಯಿಂದಲೇ ತರಾಟೆಗೆ ತೆಗೆದುಕೊಂಡದ್ದುಂಟು, ಅದನ್ನು ಬರೆಯದೆ ಬಿಡುವುದು ನ್ಯಾಯವಲ್ಲ. ನಾವು ಪರಿಶೀಲಿಸಬೇಕಾದದ್ದು ವ್ಯಕ್ತಿಯನ್ನಲ್ಲ, ಆ ಸ್ಥಾನವನ್ನು. ಮನೆಮಂದಿಯೆಲ್ಲ ಸಾಲಾಗಿ ಕುಳಿತು, ಒಬ್ಬ ಹಿರಿಯ ಗಂಡಸಿನ ಮಾತಿಗೆ ತಲೆತಗ್ಗಿಸಿ, ‘ಕಿಚ್ಚನ ಚಪ್ಪಾಳೆ’ಗೆ ಕಾಯುವ ಈ ವ್ಯವಸ್ಥೆಯಲ್ಲಿ ಹೆಣ್ಣಿಗೆ ನ್ಯಾಯ ಸಿಕ್ಕರೂ ಅದು ಸಿಗುವುದು ರಕ್ಷಣೆಯ ರೂಪದಲ್ಲಿ. ‘ಹೆಣ್ಣುಮಗಳಿಗೆ ಹಾಗೆ ಮಾತಾಡಬಾರದು’ ಎನ್ನುವುದಕ್ಕೂ ‘ಯಾರಿಗೂ ಹಾಗೆ ಮಾತಾಡಬಾರದು’ ಎನ್ನುವುದಕ್ಕೂ ಇರುವ ಅಂತರವನ್ನು ಗುರುತಿಸಿಕೊಳ್ಳಿ. ಯಾರನ್ನು ಏಕವಚನದಲ್ಲಿ ಕರೆದರು, ಕ್ಷಮೆ ಕೇಳಬೇಕಾಗಿ ಬಂದದ್ದು ಯಾರಿಗೆ, ಕೂಗಿದ್ದಕ್ಕೆ ಬೈಗುಳ ತಿಂದವರಾರು, ಅಷ್ಟೇ ಕೂಗಿ ‘ನೇರ ಮಾತಿನವ’ ಎನಿಸಿಕೊಂಡವರಾರು ಎಂಬುದನ್ನೂ ಬರೆದುಕೊಳ್ಳಿ.

ಗುರುತುಗಳ ಗಂಟು

ಕನ್ನಡ ಬಿಗ್ ಬಾಸ್‌ನ ಮೊದಲ ಹನ್ನೊಂದು ಆವೃತ್ತಿಗಳಲ್ಲಿ ಗೆದ್ದ ಮಹಿಳೆ ಒಬ್ಬರೇ, ಮೂರನೆಯ ಆವೃತ್ತಿಯ ಶ್ರುತಿ. ಈ ಒಂದು ಸಂಗತಿಯನ್ನು ಉಲ್ಲೇಖಿಸಿ ಕೈತೊಳೆದುಕೊಳ್ಳುವ ಪ್ರಬಂಧಗಳೇ ಹೆಚ್ಚು. ಗೆದ್ದ ಗಂಡಸರಿಗೆ ಸಿಕ್ಕ ಪಾತ್ರಗಳು ಯಾವುವು ಎಂದು ಕೇಳುವುದು ಅದಕ್ಕಿಂತ ಉಪಯುಕ್ತ. ಆರನೆಯ ಆವೃತ್ತಿಯ ಶಶಿ ಕುಮಾರ್ ಆಧುನಿಕ ರೈತನಾಗಿ, ಹನ್ನೊಂದನೆಯ ಆವೃತ್ತಿಯ ಹನುಮಂತ ಕುರಿ ಕಾಯ್ದ ಹಳ್ಳಿಯ ಹಾಡುಗಾರನಾಗಿ ಜನರ ಮನಸ್ಸಿಗೆ ಹತ್ತಿರವಾದರು. ಹಳ್ಳಿಯ ಮುಗ್ಧತೆ ಗಂಡಿಗೆ ಬಂಡವಾಳವಾಗುತ್ತದೆ. ಹಳ್ಳಿಯ ಹೆಣ್ಣಿಗೆ ಅಂಥ ಬಂಡವಾಳ ಏಕೆ ಒದಗಿಲ್ಲ ಎಂಬ ಪ್ರಶ್ನೆಯನ್ನು ಲಿಂಗವೊಂದರಿಂದಲೇ ಉತ್ತರಿಸಲಾಗದು. ಜಾತಿ, ವರ್ಗ, ಊರು, ಭಾಷೆ ಎಲ್ಲವೂ ಅದರಲ್ಲಿ ಹೆಣೆದುಕೊಂಡಿವೆ. 1989ರಲ್ಲಿ ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಷಾ ಕಪ್ಪು ಮಹಿಳೆಯರ ಉದ್ಯೋಗದ ಮೊಕದ್ದಮೆಗಳನ್ನು ಓದುತ್ತ ಹೇಳಿದ್ದು ಇದನ್ನೇ: ಎರಡು ತಾರತಮ್ಯಗಳು ಕೂಡುವಲ್ಲಿ ನಿಂತವಳ ಕಷ್ಟ, ಅವೆರಡನ್ನೂ ಬಿಡಿಬಿಡಿಯಾಗಿ ನೋಡುವವರಿಗೆ ಕಾಣುವುದಿಲ್ಲ.

ಕರಾವಳಿಯ ಗುರುತನ್ನೂ ಇದೇ ಎಚ್ಚರದಿಂದ ನೋಡಬೇಕು. ಏಳನೆಯ ಆವೃತ್ತಿಯ ಶೈನ್ ಶೆಟ್ಟಿ, ಒಂಬತ್ತನೆಯ ಆವೃತ್ತಿಯ ರೂಪೇಶ್ ಶೆಟ್ಟಿ ಗೆದ್ದಾಗ ಇಲ್ಲಿ ‘ನಮ್ಮ ಊರಿನವ’ ಎಂಬ ಅಭಿಮಾನ ಉಕ್ಕಿತು. 2025ರ ಹನ್ನೆರಡನೆಯ ಆವೃತ್ತಿಗೆ ಹೋದ ಯೂಟ್ಯೂಬರ್ ರಕ್ಷಿತಾ ಶೆಟ್ಟಿಯವರ ತುಳು ಬೆರೆತ ಕನ್ನಡವಂತೂ ಒಂದು ಚರ್ಚೆಯೇ ಆಯಿತು. ಕರಾವಳಿಯ ಗಂಡಸಿನ ಮಾತಿನ ಧಾಟಿ ಹಾಸ್ಯವಾಗಿ ಒಪ್ಪಿತವಾಗುವುದಕ್ಕೂ, ಹೆಣ್ಣಿನ ಅದೇ ಧಾಟಿ ಅವಳ ತಿಳಿವಳಿಕೆಯ ಅಳತೆಗೋಲಾಗುವುದಕ್ಕೂ ವ್ಯತ್ಯಾಸವಿದೆಯೇ ಎಂದು ಸಂಚಿಕೆಗಳನ್ನಿಟ್ಟುಕೊಂಡು ಪರೀಕ್ಷಿಸಬಹುದು. ಇದು ನಮ್ಮ ಭಾಗದ ವಿದ್ಯಾರ್ಥಿಗಳು ಬೇರೆಯವರಿಗಿಂತ ಚೆನ್ನಾಗಿ ಮಾಡಬಲ್ಲ ಕೆಲಸ. ಒಂದು ಬಲೆಗೆ ಮಾತ್ರ ಬೀಳಬೇಡಿ. ನಮ್ಮದು ಅಳಿಯಸಂತಾನದ ನಾಡು, ಇಲ್ಲಿನ ಹೆಣ್ಣು ಮೊದಲಿನಿಂದಲೂ ಗಟ್ಟಿಗಿತ್ತಿ ಎಂಬ ಮಾತನ್ನು ವಿವರಣೆಯಾಗಿ ಬಳಸುವ ಚಾಳಿ ಬಹಳ ಇದೆ. ಅಳಿಯಸಂತಾನದಲ್ಲಿ ವಂಶ ತಾಯಿಯ ಕಡೆಯಿಂದ ಹರಿದರೂ ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನ ಕೈಯಲ್ಲಿತ್ತು; ಅದು ಕರಾವಳಿಯ ಎಲ್ಲ ಸಮುದಾಯಗಳ ಪದ್ಧತಿಯೂ ಆಗಿರಲಿಲ್ಲ.

ಲಿಂಗತ್ವ ಅಲ್ಪಸಂಖ್ಯಾತ ಸ್ಪರ್ಧಿಗಳ ವಿಷಯದಲ್ಲಿ ಹಾಜರಿಯನ್ನಷ್ಟೇ ಲೆಕ್ಕ ಹಾಕಿ ನಿಲ್ಲಬಾರದು. ಆರನೆಯ ಆವೃತ್ತಿಗೆ ಆಡಂ ಪಾಷಾ, ಹತ್ತನೆಯದಕ್ಕೆ ನೀತು ವನಜಾಕ್ಷಿ ಬಂದದ್ದು ಕನ್ನಡ ಕಿರುತೆರೆಯ ಮಟ್ಟಿಗೆ ಗಮನಾರ್ಹ. ಆದರೆ ಅವರು ತಮ್ಮ ನೋವಿನ ಕಥೆಯನ್ನು ಎಷ್ಟು ಸಲ ಹೇಳಬೇಕಾಯಿತು, ಆ ಕಥೆಯ ಹೊರಗೆ ಸಿಟ್ಟಾಗಲು, ಸಂಚು ಹೂಡಲು, ಸುಮ್ಮನೆ ಸೋಮಾರಿಯಾಗಿ ಬಿದ್ದುಕೊಳ್ಳಲು ಅವರಿಗೆ ಎಷ್ಟು ನಿಮಿಷ ಸಿಕ್ಕಿತು ಎಂಬುದನ್ನು ಎಣಿಸಬೇಕು. ಹಾಸ್ಯದ ಷೋಗಳಲ್ಲಿ ಗಂಡಸು ಸೀರೆಯುಟ್ಟು ಬಂದಾಗ ನಗು ಹುಟ್ಟುವುದು ಯಾವುದರಿಂದ ಎಂಬ ಪ್ರಶ್ನೆ ಇದರ ಪಕ್ಕದಲ್ಲಿಯೇ ಇದೆ. ಯಕ್ಷಗಾನದ ಸ್ತ್ರೀವೇಷ ಹೆಣ್ಣಿನ ಘನತೆಯನ್ನು ಕಟ್ಟಲು ಹೆಣಗಿದರೆ, ಈ ಸೀರೆ ಬಹುಪಾಲು ಘನತೆಯನ್ನು ಬಿಚ್ಚಿಡಲೆಂದೇ ಉಟ್ಟದ್ದು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಗುರುತುಗಳು ಬೇರೆಯದನ್ನು ಹೇಳಿದರೆ ಅವನ್ನೇ ನಂಬಿ.

ನೋಡುವವರ ಬಳಿಗೆ

ಪರದೆಯನ್ನಷ್ಟೇ ಓದಿ ನೋಡುಗರ ಮನಸ್ಸನ್ನು ಊಹಿಸುವುದು ಸರಿಯಲ್ಲ. ನಾಲ್ಕಾರು ಮನೆಗಳಿಗೆ ಹೋಗಿ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವ ಮಹಿಳೆಯರು ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು, ಎಲೆ ಸುರುಳಿ ಸುತ್ತಿ ನೂಲು ಬಿಗಿಯುತ್ತ ಟಿವಿ ನೋಡುವುದು ಸಾಮಾನ್ಯ ದೃಶ್ಯ. ನಾಳೆ ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಡಬೇಕಾದ್ದರಿಂದ ಅವರ ಕಣ್ಣು ಹೆಚ್ಚು ಹೊತ್ತು ಎಲೆಯ ಮೇಲೆ, ಕಿವಿ ಮಾತ್ರ ಕಾರ್ಯಕ್ರಮದ ಕಡೆ. ಸ್ಪರ್ಧಿಯ ಉಡುಪಿನ ಬಗ್ಗೆ ಪುಟಗಟ್ಟಲೆ ಬರೆಯುವ ನಾವು, ಆ ಉಡುಪನ್ನು ಸರಿಯಾಗಿ ನೋಡದೆ ದನಿ ಕೇಳಿಯೇ ಪಕ್ಷ ವಹಿಸುವ ಈ ಪ್ರೇಕ್ಷಕರನ್ನು ಮರೆತುಬಿಡುತ್ತೇವೆ. ಪರದೆ ಮುಚ್ಚಿ ಕೇಳುವ ಅಭ್ಯಾಸ ಅದಕ್ಕಾಗಿಯೂ ಬೇಕು.

ಹೋದಾಗ ‘ಈ ಷೋದಲ್ಲಿ ಹೆಣ್ಣಿನ ಶೋಷಣೆ ಆಗುತ್ತದೆಯೇ’ ಎಂದು ಕೇಳಬೇಡಿ. ಹೌದೆಂದು ಹೇಳಿ ನಿಮ್ಮನ್ನು ಸಂತೋಷದಿಂದ ಕಳುಹಿಸಿಕೊಡುತ್ತಾರೆ. ಬದಲಾಗಿ, ‘ಅಕ್ಕಾ, ನಿನ್ನೆಯ ಜಗಳದಲ್ಲಿ ನಿಮಗೆ ಯಾರದು ಸರಿ ಅನಿಸಿತು, ನಮ್ಮ ಮನೆಯಲ್ಲಿ ಹಾಗಾದರೆ ಏನಾಗುತ್ತಿತ್ತು’ ಎಂದು ಕೇಳಿ, ಸುಮ್ಮನೆ ಕುಳಿತುಕೊಳ್ಳಿ. ಮಾತು ತುಳುವಿನಲ್ಲಿ, ಬ್ಯಾರಿಯಲ್ಲಿ ಅಥವಾ ಕೊಂಕಣಿಯಲ್ಲಿ ಬಂದರೆ ಹಾಗೆಯೇ ಬರೆದುಕೊಂಡು ಆಮೇಲೆ ಕನ್ನಡಕ್ಕೆ ತನ್ನಿ. ಜಗಳಗಂಟಿಯೆಂದು ಎಲ್ಲರೂ ಬೈಯುವ ಸ್ಪರ್ಧಿಯನ್ನು ‘ಅವಳಾದರೂ ಬಾಯಿ ಬಿಟ್ಟು ಹೇಳಿದಳಲ್ಲ’ ಎಂದು ಮೆಚ್ಚುವವರು ಇಲ್ಲಿ ಸಿಗುತ್ತಾರೆ. ಕಾರ್ಯಕ್ರಮ ಕೊಟ್ಟ ಅರ್ಥವನ್ನು ನೋಡುಗರು ತಿರುಗಿಸಿಕೊಳ್ಳುವ ಬಗೆ ಇದು. ಷೋ ನೋಡುವ ಹೆಂಗಸರೆಲ್ಲ ಮೋಸಹೋದವರು ಎಂಬ ಸೋಮಾರಿ ನಿಲುವನ್ನು ಇದೊಂದೇ ಮುರಿಯುತ್ತದೆ. ಅವರ ಹೆಸರು, ಮನೆಯ ಗುರುತುಗಳನ್ನು ಬರೆಯಬಾರದು. ಧ್ವನಿಮುದ್ರಣಕ್ಕೆ ಮೊದಲೇ ಒಪ್ಪಿಗೆ ಕೇಳಬೇಕು.

ಬರವಣಿಗೆಯಲ್ಲಿ ಸ್ಪರ್ಧಿಗಳನ್ನೆಲ್ಲ ಬಹುವಚನದಲ್ಲಿ ಉಲ್ಲೇಖಿಸಿ, ಕಾರ್ಯಕ್ರಮದಲ್ಲಿ ಏಕವಚನ ಬಳಸಿದ್ದರೆ ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಸಿದ್ಧಾಂತದ ಹೆಸರುಗಳನ್ನು ಮೊದಲ ಪುಟದಲ್ಲಿ ಪೇರಿಸದೆ, ದೃಶ್ಯವೊಂದನ್ನು ವಿವರಿಸಿ ಆದ ಮೇಲೆ ಬೇಕಾದಷ್ಟನ್ನೇ ತನ್ನಿ. ಕರಡು ಮುಗಿದ ಮೇಲೆ, ನೀವು ಮಾತನಾಡಿಸಿದ ಮಹಿಳೆಯರ ಪೈಕಿ ಒಬ್ಬಿಬ್ಬರಿಗಾದರೂ ಅವರ ಮಾತುಗಳಿರುವ ಭಾಗವನ್ನು ಓದಿ ಹೇಳಬೇಕು. ‘ನಾನು ಹಾಗೆ ಹೇಳಿದ್ದಲ್ಲ ಮಾರಾಯ್ತಿ’ ಎಂದು ಅವರು ತಿದ್ದಿದರೆ ಆ ತಿದ್ದುಪಡಿಯನ್ನೂ, ನಿಮ್ಮ ತೀರ್ಮಾನವನ್ನು ಅವರು ಒಪ್ಪದಿದ್ದರೆ ಆ ಭಿನ್ನಾಭಿಪ್ರಾಯವನ್ನೂ ಅಡಿಟಿಪ್ಪಣಿಗೆ ತಳ್ಳದೆ ಪ್ರಬಂಧದ ಒಳಗೇ, ನಿಮ್ಮ ವಾದದ ಎದುರಿಗೇ ಇಡಬೇಕು.